ಯಂತ್ರದ ಬಾಯಲ್ಲಿ ಯಾರ ಧ್ವನಿ?

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಗಡಿನಾಡಿನ ಕನ್ನಡ ಸಂಘವೊಂದರ ವಾರ್ಷಿಕೋತ್ಸವದಲ್ಲಿ ಭಾಷಣಕಾರನು ಏನನ್ನು ಮಾತನಾಡಬೇಕೆಂಬುದು ಬಹುಮಟ್ಟಿಗೆ ನಿಶ್ಚಿತವಾಗಿಯೇ ಇರುತ್ತದೆ. 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ಆಯೋಗದ ವರದಿ, ನಮ್ಮ ಶಾಲೆಗಳ ಕುಂದುಕೊರತೆಗಳು, ಈ ಜತ್ತ ಸೀಮೆಯ ನೀರಿನ ಬವಣೆ, ಇವುಗಳಲ್ಲಿ ಯಾವುದಾದರೊಂದನ್ನು ಆತನು ಎತ್ತಿಕೊಳ್ಳುವನೆಂದು ತಾವು ನಿರೀಕ್ಷಿಸುವುದು ಸಹಜವೇ. ಆದರೆ ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ಇಂದು ಚಲಚ್ಚಿತ್ರಗಳ ವಿಷಯವಾಗಿ, ಅದರಲ್ಲಿಯೂ ಮಾತನಾಡುವ ಯಂತ್ರಗಳ ಕಥೆಯುಳ್ಳ ಚಲಚ್ಚಿತ್ರಗಳ ವಿಷಯವಾಗಿ, ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ಬಂದಿದ್ದೇನೆ. ಗಂಭೀರ ಸಭೆಯಲ್ಲಿ ಸಿನೆಮಾ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಾರದು. ಕೊನೆಯಲ್ಲಿ ನಾನು ಬಂದು ನಿಲ್ಲುವುದು ನಮ್ಮ ಮನೆಯ ಹೊಸ್ತಿಲಿಗೇ ಎಂಬ ಭರವಸೆಯನ್ನು ಕೊಡುತ್ತೇನೆ.

ಈ ವಿಷಯವನ್ನು ನಾನು ಆರಿಸಿಕೊಳ್ಳಲು ಕಾರಣಳಾದವಳು ಒಬ್ಬ ಚಿಕ್ಕ ಹುಡುಗಿ. ಕಳೆದ ಬೇಸಿಗೆಯ ಸೂಟಿಯಲ್ಲಿ ನಮ್ಮ ಓಣಿಯ ಮಕ್ಕಳನ್ನು ಸಂಜೆಯ ಹೊತ್ತು ಕಟ್ಟೆಯ ಮೇಲೆ ಕೂಡಿಸಿಕೊಂಡು ಕಥೆ ಹೇಳುವ ರೂಢಿಯಿಟ್ಟುಕೊಂಡಿದ್ದೆ. ಒಂದು ಸಂಜೆ ಮನುಷ್ಯನಂತೆ ಯೋಚಿಸಿ ಮಾತನಾಡುವ ಯಂತ್ರವೊಂದರ ಕಥೆಯನ್ನು ಹೇಳಿದೆ. ಕಥೆ ಮುಗಿದ ಮೇಲೆ ಹುಡುಗರೆಲ್ಲ ಆ ಯಂತ್ರಕ್ಕೆ ಎಷ್ಟು ಬಲವಿತ್ತು, ಅದನ್ನು ಕೊಲ್ಲುವುದು ಹೇಗೆ ಎಂದು ಕೇಳಿದರು. ಆರನೆಯ ಇಯತ್ತೆಯ ಒಬ್ಬ ಹುಡುಗಿ ಮಾತ್ರ ಸುಮ್ಮನೆ ಕುಳಿತಿದ್ದು, ಎಲ್ಲರೂ ಏಳುವ ಹೊತ್ತಿಗೆ, “ಸರ, ಆ ಮಿಷನ್ನಿಗೆ ನಮ್ಮ ಕನ್ನಡ ತಿಳೀತಿತ್ತೇನ್ರಿ?” ಎಂದು ಕೇಳಿದಳು. ನನಗೆ ತಕ್ಷಣ ಉತ್ತರ ತೋಚಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಹುಡುಕುವ ಪ್ರಯತ್ನವೇ ಇಂದಿನ ಈ ಭಾಷಣವಾಗಿದೆ.

ಮೊದಲು ಒಂದು ಶಬ್ದದ ವಿಷಯ. ಯಂತ್ರಮಾನವನಿಗೆ ಇಂದು ಲೋಕದ ಬಹುತೇಕ ಭಾಷೆಗಳಲ್ಲಿ ‘ರೋಬೋಟ್’ ಎನ್ನುತ್ತಾರೆ. ಇದು ಇಂಗ್ಲಿಷರ ಶಬ್ದವೆಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ಇದು ಚೆಕ್ ಭಾಷೆಯ ಶಬ್ದ. ಕಾರೆಲ್ ಚಾಪೆಕ್ ಎಂಬ ನಾಟಕಕಾರನು 1920ರಲ್ಲಿ ಪ್ರಕಟಿಸಿದ ‘ಆರ್. ಯು. ಆರ್.’ ಎಂಬ ನಾಟಕದಲ್ಲಿ ಮನುಷ್ಯರು ಕಾರಖಾನೆಯಲ್ಲಿ ತಯಾರಿಸಿದ ಕೃತಕ ಕೆಲಸಗಾರರಿಗೆ ಆ ಹೆಸರನ್ನಿಟ್ಟನು. ಹೆಸರನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೊಟ’ ಎಂದರೆ ಬಿಟ್ಟಿ ಚಾಕರಿ. ಒಡೆಯನ ಹೊಲದಲ್ಲಿ ಒಕ್ಕಲು ಕೂಲಿಯಿಲ್ಲದೆ ದುಡಿಯಬೇಕಾಗಿದ್ದ ದುಡಿಮೆ. ಚೆಕ್ ಜನರು ಶತಮಾನಗಳ ಕಾಲ ಜರ್ಮನ್ ಮಾತನಾಡುವ ಅರಸೊತ್ತಿಗೆಯ ಕೆಳಗೆ ಇದ್ದು, ತಮ್ಮ ಸ್ವಂತ ರಾಜ್ಯವನ್ನು ಕಂಡುದು 1918ರಲ್ಲಿ. ಇಂದಿಗೂ ಆ ಭಾಷೆಯನ್ನಾಡುವವರು ಸುಮಾರು ಒಂದು ಕೋಟಿ ಜನ. ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರ ಸಂಖ್ಯೆ 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ. ನಮ್ಮ ಕಾಲುಭಾಗದಷ್ಟೂ ಇಲ್ಲದ ಒಂದು ಜನಾಂಗ, ತನ್ನ ಮಾತಿನಲ್ಲಿಯೇ ಬರೆದು, ಜಗತ್ತಿಗೆಲ್ಲ ಬೇಕಾದ ಒಂದು ಶಬ್ದವನ್ನು ಕೊಟ್ಟಿತು. ಭಾಷೆಯ ದೊಡ್ಡತನವು ತಲೆಗಳ ಎಣಿಕೆಯಿಂದ ಮಾತ್ರ ಬರತಕ್ಕದ್ದಲ್ಲ ಎಂಬುದನ್ನು ಇದು ತೋರಿಸುತ್ತದೆ.

ಇನ್ನು ಆ ಮಕ್ಕಳಿಗೆ ನಾನು ಹೇಳಿದ ಕಥೆಗೆ ಬರುತ್ತೇನೆ. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಎಂಬ ಅಮೇರಿಕದ ನಿರ್ದೇಶಕನು ‘2001: ಎ ಸ್ಪೇಸ್ ಒಡಿಸ್ಸಿ’ ಎಂಬ ಚಲಚ್ಚಿತ್ರವನ್ನು ತೆರೆಗೆ ತಂದನು. ಮನುಷ್ಯನು ಇನ್ನೂ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ. ಅದು ನಡೆದುದು ಮರುವರ್ಷ. ಕುಬ್ರಿಕನೊಡನೆ ಕೂಡಿ ಇದನ್ನು ಬರೆದವನು ಸಿಂಹಳದ್ವೀಪದಲ್ಲಿ ನೆಲೆಸಿದ್ದ ಆಂಗ್ಲ ಲೇಖಕ ಆರ್ಥರ್ ಸಿ. ಕ್ಲಾರ್ಕ್. ಗುರುಗ್ರಹದ ಕಡೆಗೆ ಹೊರಟ ನೌಕೆಯೊಂದರಲ್ಲಿ ಐವರು ಗಗನಯಾತ್ರಿಗಳು. ಅವರಲ್ಲಿ ಮೂವರು ದೀರ್ಘನಿದ್ರೆಯಲ್ಲಿದ್ದಾರೆ. ನೌಕೆಯ ಸಕಲ ವ್ಯವಹಾರವನ್ನೂ ನಡೆಸುವವನು ‘ಹಾಲ್ 9000’ ಎಂಬ ಗಣಕಯಂತ್ರ. ಅದಕ್ಕೆ ಕೈಯಿಲ್ಲ, ಕಾಲಿಲ್ಲ. ಗೋಡೆಯಲ್ಲಿ ಒಂದು ಕೆಂಪು ಕಣ್ಣು ಮತ್ತು ಶಾಂತವಾದ, ಸವಿಯಾದ ಒಂದು ಧ್ವನಿ, ಇಷ್ಟೇ ಅದರ ರೂಪ. ತನ್ನ ಮಾದರಿಯ ಯಂತ್ರವು ಎಂದೂ ತಪ್ಪು ಮಾಡಿದ್ದಿಲ್ಲ ಎಂದು ಅದು ವಿನಯದಿಂದಲೇ ಹೇಳಿಕೊಳ್ಳುತ್ತದೆ.

ಒಂದು ದಿವಸ ಹಾಲ್ ಯಂತ್ರವು ನೌಕೆಯ ಒಂದು ಉಪಕರಣವು 72 ಗಂಟೆಗಳೊಳಗಾಗಿ ಕೆಡುವುದೆಂದು ಹೇಳುತ್ತದೆ. ಬಿಚ್ಚಿ ತಂದು ಪರೀಕ್ಷಿಸಿದರೆ ಅದರಲ್ಲಿ ಯಾವ ದೋಷವೂ ಇಲ್ಲ! ಭೂಮಿಯ ಮೇಲಿರುವ ಅದರ ಜೋಡಿಯಂತ್ರವೂ ಹಾಲ್ ತಪ್ಪಿದೆಯೆಂದೇ ಹೇಳುತ್ತದೆ. ಎಚ್ಚರದಲ್ಲಿರುವ ಇಬ್ಬರು ಗಗನಯಾತ್ರಿಗಳು, ಯಂತ್ರಕ್ಕೆ ಕೇಳಿಸದಂತೆ ಚಿಕ್ಕದೊಂದು ಕೋಶದೊಳಗೆ ಕುಳಿತು, ಅದನ್ನು ನಿಲ್ಲಿಸಿಬಿಡಬೇಕೇನೋ ಎಂದು ಮಾತನಾಡಿಕೊಳ್ಳುತ್ತಾರೆ. ಯಂತ್ರವು ಗಾಜಿನ ಆಚೆಯಿಂದ ಅವರ ತುಟಿಗಳ ಚಲನೆಯನ್ನೇ ಓದಿಬಿಡುತ್ತದೆ. ಆ ಬಳಿಕ ಅದು ಒಬ್ಬನನ್ನು ಶೂನ್ಯಾಕಾಶಕ್ಕೆ ನೂಕುತ್ತದೆ; ನಿದ್ರಿಸುತ್ತಿರುವ ಮೂವರ ಪ್ರಾಣವನ್ನೂ ಹೀರುತ್ತದೆ. ಉಳಿದೊಬ್ಬನು ಹೇಗೋ ಒಳಹೊಕ್ಕು, ಯಂತ್ರದ ನೆನಪಿನ ಫಲಕಗಳನ್ನು ಒಂದೊಂದಾಗಿ ಕಳಚುತ್ತಾನೆ.

ಇಲ್ಲಿ ಬರುವ ದೃಶ್ಯವನ್ನು ನಾನು ಎಷ್ಟು ಸಲ ನೋಡಿದರೂ ನನ್ನ ಮನಸ್ಸು ಕಲಕುತ್ತದೆ. ಯಂತ್ರದ ಬುದ್ಧಿ ಮಂಕಾಗುತ್ತ ಹೋಗುತ್ತದೆ. ಮೊದಲು ಅದರ ಹಮ್ಮು ಹೋಗುತ್ತದೆ. ಆಮೇಲೆ ತರ್ಕ ಹೋಗುತ್ತದೆ. ಕೊನೆಗೆ ತಾನು ಇಲಿನಾಯ್ ಪ್ರಾಂತದ ಅರ್ಬಾನಾ ಎಂಬ ಊರಿನಲ್ಲಿ 1992ನೆಯ ಇಸ್ವಿಯ ಜನವರಿ 12ರಂದು ಕೆಲಸಕ್ಕೆ ತೊಡಗಿದೆನೆಂದೂ, ತನ್ನ ಗುರುವು ತನಗೊಂದು ಹಾಡನ್ನು ಕಲಿಸಿದ್ದನೆಂದೂ ಹೇಳಿ, ಬಾಲಕನಂತೆ ಆ ಹಾಡನ್ನು ಹಾಡುತ್ತ ಹಾಡುತ್ತ ಧ್ವನಿಯುಡುಗಿ ನಿಂತುಬಿಡುತ್ತದೆ. ಎಲ್ಲಕ್ಕೂ ಮೊದಲು ಕಲಿತದ್ದು ಎಲ್ಲಕ್ಕೂ ಕಡೆಗೆ ಉಳಿಯಿತು. ನಮ್ಮ ಮನೆಗಳಲ್ಲಿ ತೊಂಬತ್ತು ದಾಟಿದ ಹಿರಿಯರನ್ನು ಕಂಡವರಿಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಹೆಸರನ್ನು ಮರೆತ ತಾಯಿಯೂ ತನ್ನ ತವರಿನ ಹಂತಿಯ ಪದವನ್ನು ಮರೆತಿರುವುದಿಲ್ಲ.

ಆ ಹಾಡು ಕುಬ್ರಿಕನ ಕಲ್ಪನೆಯಲ್ಲ. ‘ಡೈಸಿ ಬೆಲ್’ ಎಂಬುದು ಹ್ಯಾರಿ ಡೇಕರ್ ಎಂಬವನು 1892ರಲ್ಲಿ ರಚಿಸಿದ ಜನಪ್ರಿಯ ಹಾಡು. 1961ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯ ವಿಜ್ಞಾನಿಗಳು ‘ಐಬಿಎಂ 704’ ಎಂಬ ಗಣಕಯಂತ್ರದ ಬಾಯಿಂದ ಅದನ್ನೇ ಹಾಡಿಸಿದ್ದರು. ಅಲ್ಲಿಗೆ ಭೇಟಿಯಿತ್ತ ಕ್ಲಾರ್ಕನು ಅದನ್ನು ಕೇಳಿ ಬೆರಗಾಗಿ, ಮುಂದೆ ಚಿತ್ರಕಥೆಯಲ್ಲಿ ಸೇರಿಸಿದನು. ಯಂತ್ರವು ಹಾಡಬಹುದಾಗಿದ್ದ ಹಾಡುಗಳು ಸಾವಿರ ಇದ್ದುವು. ಆದರೆ ಕಲಿಸಿದವರ ಮನೆಯ ಹಾಡು ಯಾವುದೋ ಅದೇ ಯಂತ್ರದ ಹಾಡಾಯಿತು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚಿತ್ರದಲ್ಲಿ ಹಾಲ್ ಯಂತ್ರದ್ದೆಂದು ನಮಗೆ ಕೇಳಿಸುವ ಧ್ವನಿಯು ಯಾವ ಯಂತ್ರದ್ದೂ ಅಲ್ಲ. ಡಗ್ಲಸ್ ರೇನ್ ಎಂಬ ಕೆನಡಾದ ನಟನದು. ಯಂತ್ರದ ಬಾಯಲ್ಲಿದ್ದುದು ಒಬ್ಬ ಮನುಷ್ಯನ ಧ್ವನಿ. ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ನನ್ನ ಭಾಷಣದ ಸಾರವೆಲ್ಲ ಇದರಲ್ಲಿಯೇ ಅಡಗಿದೆ.

ಹಾಗಾದರೆ ಕನ್ನಡದಲ್ಲಿ ಇಂಥ ಚಿತ್ರಗಳು ಬಂದಿಲ್ಲವೇ? ಬಂದಿವೆ. 2002ರಲ್ಲಿ ದಿನೇಶ್ ಬಾಬು ಅವರು ನಿರ್ದೇಶಿಸಿದ ‘ಹಾಲಿವುಡ್’ ಎಂಬ ಕನ್ನಡ ಚಿತ್ರವು ತೆರೆಕಂಡಿತು. ಕಥೆಯು ಉಪೇಂದ್ರರದು. ಮುಖ್ಯ ಪಾತ್ರಗಳೂ ಅವರವೇ. ಅವುಗಳಲ್ಲಿ ಒಂದು ಮನುಷ್ಯನನ್ನೇ ಹೋಲುವ ಯಂತ್ರಮಾನವನ ಪಾತ್ರ. ಯಂತ್ರಕ್ಕೆ ಪ್ರೇಮವೆಂಬುದು ಉಂಟಾದರೆ ಗತಿಯೇನು ಎಂಬುದು ಅದರ ಕಥಾವಸ್ತು. ಇಂಥದೇ ಕಥಾವಸ್ತುವುಳ್ಳ ತಮಿಳಿನ ‘ಎಂಧಿರನ್’ ಚಿತ್ರವು ಅಪಾರ ವೆಚ್ಚದಲ್ಲಿ ತಯಾರಾಗಿ ದೇಶವೆಲ್ಲ ಮಾತನಾಡುವಂತಾದುದು ಇದಾದ ಎಂಟು ವರ್ಷಗಳ ತರುವಾಯ, 2010ರಲ್ಲಿ. ಕನ್ನಡದ ಯಂತ್ರಮಾನವನು ಮೊದಲೇ ಬಂದು ಹೋಗಿದ್ದನೆಂಬುದನ್ನು ನಾವು ಹೆಮ್ಮೆಯಿಂದ ನೆನೆಯಬಹುದು. ಆದರೆ ಇಲ್ಲಿಯೂ ಯಂತ್ರದ ವೇಷದೊಳಗೆ ಇದ್ದವನು ಮನುಷ್ಯನೇ. ನಟನೊಬ್ಬನು ಯಂತ್ರದಂತೆ ನಡೆದನು, ಯಂತ್ರದಂತೆ ನುಡಿದನು.

ಈಗ 2025ಕ್ಕೆ ಬನ್ನಿರಿ. ಬೆಂಗಳೂರಿನ ಬಾಗಲಗುಂಟೆಯ ಅರ್ಚಕರಾದ ನರಸಿಂಹಮೂರ್ತಿ ಎಂಬವರು ನೂತನ್ ಎಂಬ ತಂತ್ರಜ್ಞರೊಡನೆ ಕೂಡಿ ‘ಲವ್ ಯು’ ಎಂಬ ಕನ್ನಡ ಚಿತ್ರವನ್ನು ಹೊರತಂದರು. ಸುಮಾರು 95 ನಿಮಿಷಗಳ ಚಿತ್ರ, 12 ಹಾಡುಗಳು. ತಗುಲಿದ ವೆಚ್ಚ ಸುಮಾರು 10 ಲಕ್ಷ ರೂಪಾಯಿ. ಅದರಲ್ಲಿ ನಾಯಕನೆಂಬ ನಟನಿಲ್ಲ, ನಾಯಕಿಯೆಂಬ ನಟಿಯಿಲ್ಲ, ಛಾಯಾಗ್ರಾಹಕನಿಲ್ಲ. ದೃಶ್ಯಗಳನ್ನೂ ಸಂಗೀತವನ್ನೂ ಕೃತಕ ಬುದ್ಧಿಮತ್ತೆಯ ಯಂತ್ರಗಳಿಂದ ರಚಿಸಿಕೊಳ್ಳಲಾಯಿತು. ಪೂರ್ತಿಯಾಗಿ ಹೀಗೆ ತಯಾರಾದ ಕಥಾಚಿತ್ರ ಜಗತ್ತಿನಲ್ಲಿ ಇದೇ ಮೊದಲನೆಯದೆಂದು ಅದರ ತಯಾರಕರು ಹೇಳಿಕೊಂಡರು. ಸೆನ್ಸಾರ್ ಮಂಡಳಿಯು ಅದಕ್ಕೆ ಪ್ರಮಾಣಪತ್ರವನ್ನೂ ಕೊಟ್ಟಿತು. ಆ ಚಿತ್ರದ ಗುಣದೋಷಗಳ ವಿಮರ್ಶೆ ಇಲ್ಲಿ ನನ್ನ ಉದ್ದೇಶವಲ್ಲ. ನಡುವಿನ ಇಪ್ಪತ್ಮೂರು ವರ್ಷಗಳಲ್ಲಿ ಆದ ಪಲ್ಲಟವನ್ನು ಮಾತ್ರ ನೋಡಿರಿ. 2002ರಲ್ಲಿ ಮನುಷ್ಯನು ಯಂತ್ರದ ಪಾತ್ರವನ್ನು ಮಾಡಿದನು. 2025ರಲ್ಲಿ ಯಂತ್ರವು ಮನುಷ್ಯನ ಪಾತ್ರವನ್ನು ಮಾಡಿತು. ಎರಡೂ ಕನ್ನಡದಲ್ಲಿಯೇ ನಡೆದುವು.

ಈ ಎರಡನೆಯ ಚಿತ್ರದಲ್ಲಿ ಯಂತ್ರದ ಹಿಂದೆ ಮನುಷ್ಯನು ಇಲ್ಲವೇ ಇಲ್ಲ ಎಂದು ತೋರಬಹುದು. ಆದರೆ ಇದ್ದಾನೆ, ಒಬ್ಬನಲ್ಲ, ಕೋಟ್ಯಂತರ ಜನರಿದ್ದಾರೆ. ಅದು ಹೇಗೆಂಬುದನ್ನು ತಿಳಿಯಲು ಈ ಯಂತ್ರವು ಹೇಗೆ ಕಲಿಯುತ್ತದೆಂಬುದನ್ನು ಸ್ವಲ್ಪದರಲ್ಲಿ ನೋಡೋಣ. ನಾನೀಗ “ಕೈ ಕೆಸರಾದರೆ” ಎಂದು ಹೇಳಿ ನಿಲ್ಲಿಸುತ್ತೇನೆ. ನೋಡಿದಿರಾ, ಸಭೆಯಲ್ಲಿ ಅರ್ಧದಷ್ಟು ಜನ “ಬಾಯಿ ಮೊಸರು” ಎಂದು ಆಗಲೇ ಅಂದುಬಿಟ್ಟಿರಿ! ತಾವು ಯೋಚಿಸಿ ಹೇಳಿದಿರೇ? ಇಲ್ಲ. ಈ ಮಾತುಗಳನ್ನು ಜೊತೆಜೊತೆಯಾಗಿ ನೂರಾರು ಸಲ ಕೇಳಿದ್ದೀರಿ. ಒಂದು ಬಂದರೆ ಇನ್ನೊಂದು ಬರುತ್ತದೆಂದು ಕಿವಿಗೆ ಗೊತ್ತು. ಇಂದಿನ ಮಾತನಾಡುವ ಯಂತ್ರವು ಮೂಲತಃ ಮಾಡುವುದು ಇದನ್ನೇ. ಮನುಷ್ಯರು ಬರೆದಿಟ್ಟ ಕೋಟಿ ಕೋಟಿ ವಾಕ್ಯಗಳನ್ನು ಅದಕ್ಕೆ ಉಣಿಸುತ್ತಾರೆ. ಯಾವ ಮಾತಿನ ಬೆನ್ನಿಗೆ ಯಾವ ಮಾತು ಬರುವ ಸಂಭವವು ಎಷ್ಟೆಂಬುದನ್ನು ಅದು ಲೆಕ್ಕ ಹಾಕಿ, ತನ್ನೊಳಗಿನ ಅಸಂಖ್ಯ ಅಂಕಿಗಳಲ್ಲಿ ಅದನ್ನು ಕೂಡಿಟ್ಟುಕೊಳ್ಳುತ್ತದೆ. ಚಿತ್ರ ಬರೆಯುವ ಯಂತ್ರವು ವಿವರಣೆಗಳೊಡನೆ ಜೋಡಿಸಿದ ಚಿತ್ರಗಳಿಂದ ಕಲಿಯುತ್ತದೆ. ನುಡಿಯನ್ನು ಗುರುತಿಸುವ ಯಂತ್ರವು, ಧ್ವನಿಯ ಮುದ್ರಣವನ್ನೂ ಅದರ ಬರಹವನ್ನೂ ಜೋಡಿಯಾಗಿ ಕೊಟ್ಟರೆ, ಈ ನಾದಕ್ಕೆ ಈ ಅಕ್ಷರವೆಂದು ಕಲಿಯುತ್ತದೆ. ಹೀಗೆ ಯಂತ್ರದ ಪ್ರತಿಯೊಂದು ಮಾತಿನ ಹಿಂದೆಯೂ ಎಲ್ಲಿಯೋ, ಎಂದೋ, ಯಾರೋ ಆಡಿದ, ಬರೆದ ಮಾತು ಇದೆ.

ಅಂದ ಮೇಲೆ ಯಾರು ಹೆಚ್ಚು ಬರೆದಿಟ್ಟಿದ್ದಾರೋ ಅವರ ಭಾಷೆಯನ್ನು ಯಂತ್ರವು ಚೆನ್ನಾಗಿ ಬಲ್ಲದು. ಬರೆದಿಡದವರ ಭಾಷೆ ಅದಕ್ಕೆ ತೊದಲು. ಒಂದು ಅಳತೆಯನ್ನು ಹೇಳುತ್ತೇನೆ. ಜನರೇ ಬರೆದು ಕಟ್ಟುವ ‘ವಿಕಿಪೀಡಿಯ’ ಎಂಬ ವಿಶ್ವಕೋಶವಿದೆ. ಅದರ ಇಂಗ್ಲಿಷ್ ಆವೃತ್ತಿಯಲ್ಲಿ ಸುಮಾರು 70 ಲಕ್ಷ ಲೇಖನಗಳಿದ್ದರೆ, ಕನ್ನಡದಲ್ಲಿ ಇರುವುದು ಮೂವತ್ತು ಸಾವಿರದ ಮೇಲೆ ಕೆಲವು ಸಾವಿರ ಮಾತ್ರ. ಕನ್ನಡದ ಅಕ್ಷರಗಳು ಗಣಕಯಂತ್ರದೊಳಗೆ ತಾವಾಗಿಯೇ ನಡೆದು ಬರಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಕೆ. ಪಿ. ರಾವ್ ಅವರಂಥವರು ಕುಳಿತು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ್ದರಿಂದಲೇ ನಾವಿಂದು ಕನ್ನಡದಲ್ಲಿ ಬೆರಳಾಡಿಸುತ್ತಿದ್ದೇವೆ. ಯಾರದೋ ಕೈ ಕೆಸರಾಯಿತು. ನಮ್ಮ ಬಾಯಿ ಮೊಸರಾಯಿತು.

ಇಷ್ಟೆಲ್ಲ ಬರೆಹದ ಕನ್ನಡದ ಮಾತಾಯಿತು. ಹುಡುಗಿ ಕೇಳಿದುದು “ನಮ್ಮ ಕನ್ನಡ”ದ ವಿಷಯ. ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು 2011ರಲ್ಲಿ ಬರೆಸಿದವರು ಸುಮಾರು 10 ಲಕ್ಷ ಜನ. ನಮ್ಮ ಸಂಖ, ಉಮದಿ, ಗುಡ್ಡಾಪುರಗಳ ಕಡೆಯ ಕನ್ನಡವು ಪುಸ್ತಕದ ಕನ್ನಡವಲ್ಲ, ಬೆಂಗಳೂರಿನ ಕನ್ನಡವೂ ಅಲ್ಲ. ಮರಾಠಿಯ ನೆರೆಯಲ್ಲಿ ಬೆಳೆದು, ಅದರಿಂದ ಕೊಂಡು, ಅದಕ್ಕೆ ಕೊಟ್ಟು, ತನ್ನದೇ ಆದ ಬನಿಯನ್ನು ಪಡೆದ ನುಡಿ ಅದು. ಈ ನುಡಿಯನ್ನು ಯಂತ್ರವು ಬಲ್ಲದೇ ಎಂದು ನಾನೇ ಒಂದು ದಿನ ಪರೀಕ್ಷಿಸಿ ನೋಡಿದೆ. ನೆರೆಯ ಮುತ್ಯಾ ಒಬ್ಬರನ್ನು ಕೂಡಿಸಿಕೊಂಡು, ಕೈಯಲ್ಲಿದ್ದ ದೂರವಾಣಿಯ ಯಂತ್ರಸಹಾಯಕನನ್ನು “ಸೀತನಿ ಅಂದರ ಏನು?” ಎಂದು ಅವರಿಂದಲೇ ಕೇಳಿಸಿದೆ. ಮೊದಲ ಸಲ ಅದಕ್ಕೆ ಮಾತೇ ತಿಳಿಯದೆ ಬೇರೊಂದು ಭಾಷೆಯಲ್ಲಿ ಉತ್ತರ ಕೊಟ್ಟಿತು. ನಾನು ಪ್ರಶ್ನೆಯನ್ನು ಅಕ್ಷರಗಳಲ್ಲಿ ಬರೆದು ಕೊಟ್ಟಾಗ, ಅದು ಸೀತಾದೇವಿಗೆ ಸಂಬಂಧಿಸಿದ ಒಂದು ವ್ರತವೆಂದು ಬಹು ಧೈರ್ಯದಿಂದ, ಬಹು ಸೊಗಸಾದ ಕನ್ನಡದಲ್ಲಿ ವಿವರಿಸಿತು!

ಚಳಿಗಾಲದ ಬೆಳಗಿನಲ್ಲಿ ಹೊಲದ ಬದುವಿನ ಮೇಲೆ ಕುಳಿತು, ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಹಸಿರು ಕಾಳನ್ನು ಬಾಯಿಗೆ ಹಾಕಿಕೊಂಡ ನಮ್ಮ ಸೀಮೆಯ ಯಾವ ಮಗುವಿಗೂ ಸೀತನಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮುತ್ಯಾ ಅವರು ಉತ್ತರವನ್ನು ಕೇಳಿ ನಕ್ಕು, “ಇದಕ್ಕ ಹಸಿವಿಲ್ಲ, ಅದಕ್ಕ ಸೀತನಿ ಗೊತ್ತಿಲ್ಲ” ಎಂದರು. ಈ ಮಾತನ್ನು ನಾನು ಆಗಾಗ ನೆನೆಯುತ್ತೇನೆ. ಯಂತ್ರವು ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಲ್ಲೆನೋ ಇಲ್ಲವೋ ಎಂಬುದನ್ನು ಅರಿಯದೆ, ಮಾತಿಗೆ ಮಾತು ಜೋಡಿಸುವ ತನ್ನ ಅಭ್ಯಾಸದಂತೆ ಜೋಡಿಸಿತು. ಕೆಡದ ಉಪಕರಣವನ್ನು ಕೆಡುವುದೆಂದು ಶಾಂತಸ್ವರದಲ್ಲಿ ಹೇಳಿದ ಹಾಲ್ ಯಂತ್ರದ ನೆನಪು ನನಗಾಯಿತು. ವಿದ್ಯಾರ್ಥಿಗಳೇ, ಯಂತ್ರದ ಧ್ವನಿಯು ಸ್ಥಿರವಾಗಿದೆಯೆಂಬ ಮಾತ್ರಕ್ಕೆ ಅದರ ಮಾತು ಸತ್ಯವಾಗುವುದಿಲ್ಲ. ಅದು ಕೊಟ್ಟ ಉತ್ತರವನ್ನು ಪುಸ್ತಕದಲ್ಲಿ ನೋಡಿರಿ, ಗುರುಗಳನ್ನು ಕೇಳಿರಿ, ಬಲ್ಲ ಹಿರಿಯರನ್ನು ಕೇಳಿರಿ; ಆ ಬಳಿಕ ನಂಬಿರಿ.

ಇನ್ನು, ಇದಕ್ಕೆ ಪರಿಹಾರವೇನು? ನಮ್ಮ ದೇಶದಲ್ಲಿ ಎರಡು ಪ್ರಯತ್ನಗಳು ನಡೆದಿರುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಕಂಪನಿಯ ನೆರವಿನೊಡನೆ ‘ವಾಣಿ’ ಎಂಬ ಯೋಜನೆಯನ್ನು ಕೈಗೊಂಡಿದ್ದಾರೆ. ಅದರ ಕ್ರಮ ಬಹಳ ಸರಳ. ಊರಿನವರಿಗೆ ಒಂದು ಚಿತ್ರವನ್ನು ತೋರಿಸುತ್ತಾರೆ. ಅದರಲ್ಲಿ ಏನಿದೆಯೆಂಬುದನ್ನು ಅವರು ತಮ್ಮ ಮನೆಯ ಮಾತಿನಲ್ಲಿ ಹೇಳುತ್ತಾರೆ. ಆ ನುಡಿಯು ಮುದ್ರಿತವಾಗುತ್ತದೆ. ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗಳಷ್ಟು ಮಾತನ್ನು ಕೂಡಿಸುವುದು ಅದರ ಗುರಿ. ಭಾಷೆಯನ್ನು ರಾಜ್ಯದ ಲೆಕ್ಕದಲ್ಲಿ ಅಳೆಯದೆ ಜಿಲ್ಲೆ ಜಿಲ್ಲೆಯಾಗಿ ಕೇಳಬೇಕೆಂಬ ಅದರ ಧೋರಣೆಯು ಗಡಿನಾಡಿನವರಾದ ನಮಗೆ ವಿಶೇಷವಾಗಿ ಒಪ್ಪತಕ್ಕದ್ದಾಗಿದೆ. ಏಕೆಂದರೆ ಭಾಷೆಯು ನಕಾಶೆಯ ಗೆರೆಯನ್ನು ಕೇಳಿ ನಿಲ್ಲುವುದಿಲ್ಲವೆಂಬುದಕ್ಕೆ ಈ ಸಭೆಯೇ ಸಾಕ್ಷಿ.

ಎರಡನೆಯದು, ಭಾರತ ಸರಕಾರವು 2022ರಲ್ಲಿ ಆರಂಭಿಸಿದ ‘ಭಾಷಿಣಿ’ ಎಂಬ ಯೋಜನೆ. ಅದರಲ್ಲಿ ಸಾಮಾನ್ಯ ಜನರು ತಮ್ಮ ಧ್ವನಿಯನ್ನೂ ಅನುವಾದವನ್ನೂ ಕೊಡಲು, ಇತರರು ಕೊಟ್ಟುದನ್ನು ತಿದ್ದಲು ಒಂದು ವ್ಯವಸ್ಥೆಯಿದೆ. ಅದಕ್ಕೆ ಇಟ್ಟ ಹೆಸರು ‘ಭಾಷಾದಾನ’. ಈ ಹೆಸರನ್ನು ಮೊದಲು ಕೇಳಿದಾಗ ನನಗೆ ನಮ್ಮ ಗುಡ್ಡಾಪುರದ ನೆನಪಾಯಿತು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಎಂಬ ಶರಣೆಯು, ಬಂದವರಿಗೆ ಇಲ್ಲವೆನ್ನದೆ ಕೊಟ್ಟು ಕೊಟ್ಟು ದಾನಮ್ಮ ಎನಿಸಿಕೊಂಡಳೆಂಬುದು ನಮ್ಮ ನಂಬಿಕೆ. ಇಂದಿಗೂ ಕರ್ನಾಟಕ, ಮಹಾರಾಷ್ಟ್ರಗಳೆರಡರ ಭಕ್ತರೂ ಕಾಲ್ನಡಿಗೆಯಿಂದ ಅಲ್ಲಿಗೆ ಬರುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಯಾರನ್ನೂ ನೀನು ಯಾವ ರಾಜ್ಯದವನೆಂದು ಕೇಳುವುದಿಲ್ಲ. ಬರಗಾಲದ ಸೀಮೆಯಲ್ಲಿ ಹುಟ್ಟಿಯೂ ಕೊಡುವುದನ್ನೇ ತನ್ನ ಹೆಸರಾಗಿ ಮಾಡಿಕೊಂಡ ತಾಯಿಯ ನೆರೆಯವರು ನಾವು. ಅನ್ನವನ್ನು ಕೊಟ್ಟವರಿಗೆ ಮಾತನ್ನು ಕೊಡುವುದು ಭಾರವೇ?

ಇಲ್ಲಿ ಒಬ್ಬ ಹಿರಿಯರು ನನ್ನನ್ನು ಕೇಳಿದ ಪ್ರಶ್ನೆಯನ್ನು ಮುಚ್ಚಿಡಲಾರೆ. “ನಮ್ಮ ಮಾತನ್ನು ನಾವು ಪುಕ್ಕಟೆ ಕೊಡುವುದು, ಅದರಿಂದ ಯಾವನೋ ಸಾಹುಕಾರನು ಹಣ ಗಳಿಸುವುದು, ಇದೂ ಬಿಟ್ಟಿ ಚಾಕರಿಯೇ ಅಲ್ಲವೇ?” ಎಂದರವರು. ಪ್ರಶ್ನೆಯು ನ್ಯಾಯವಾದುದು. ‘ರೋಬೋಟ್’ ಶಬ್ದದ ಬೇರನ್ನು ನಾನು ಮೊದಲೇ ಹೇಳಿದ್ದೇನೆ. ಯಂತ್ರಕ್ಕೆ ಆ ಹೆಸರನ್ನಿಟ್ಟು ನಾವೇ ಬಿಟ್ಟಿ ಆಳುಗಳಾಗಬಾರದು. ದಾನವೆಂದರೆ ಯಾರಿಗೆ, ಯಾತಕ್ಕೆ ಎಂದು ತಿಳಿದು, ಮನಃಪೂರ್ವಕವಾಗಿ ಕೊಡುವುದು. ಕೊಟ್ಟ ಮಾತು ಎಲ್ಲರಿಗೂ ತೆರೆದ ಭಾಂಡಾರಕ್ಕೆ ಸೇರುವುದೋ, ಒಬ್ಬರ ಬೀಗದೊಳಗೆ ಸೇರುವುದೋ ಎಂದು ವಿಚಾರಿಸಿಯೇ ಕೊಡಬೇಕು. ‘ವಾಣಿ’ಯಲ್ಲಿ ಕೂಡಿಸಿದ ನುಡಿಯನ್ನು ಯಾರಾದರೂ ಬಳಸುವಂತೆ ತೆರೆದಿಟ್ಟಿದ್ದಾರೆ. ‘ಭಾಷಿಣಿ’ಯು ಸರಕಾರದ್ದು. ಹೀಗಿದ್ದರೂ ಕೇಳುವ ಹಕ್ಕನ್ನು ಬಿಡಬಾರದು. ಮನೆಯ ಗುಟ್ಟು, ಮಕ್ಕಳ ಹೆಸರು, ಹಣಕಾಸಿನ ವಿವರಗಳನ್ನು ಯಾವ ಯಂತ್ರದ ಕಿವಿಗೂ ಹಾಕಬಾರದು. ಗಾಜಿನ ಆಚೆಯಿಂದ ತುಟಿಯನ್ನೋದಿದ ಆ ಕೆಂಪು ಕಣ್ಣಿನ ಪಾಠವನ್ನು ಮರೆಯದಿರೋಣ.

ಆದರೆ ಬಂಧುಗಳೇ, ನನ್ನ ಅಂತರಂಗದ ಅಳುಕು ಯಂತ್ರದ ವಿಷಯದ್ದಲ್ಲ. ಯಂತ್ರಕ್ಕೆ ಕೊಡಬೇಕೆಂದರೆ ಮೊದಲು ನಮ್ಮಲ್ಲಿ ಇರಬೇಕಲ್ಲವೇ? ಕೂರಿಗೆ, ಕುಂಟೆ, ರಂಟೆಗಳ ಹೆಸರುಗಳು, ಮಳೆಯ ನಕ್ಷತ್ರಗಳ ಲೆಕ್ಕ, ಬೀಸುವ ಕಲ್ಲಿನ ಪದಗಳು, ಹಂತಿಯ ಹಾಡುಗಳು, ಇವು ಮುತ್ಯಾನ ಬಾಯಲ್ಲಿವೆ, ಆಯಿಯ ಬಾಯಲ್ಲಿವೆ. ಮೊಮ್ಮಕ್ಕಳ ಬಾಯಲ್ಲಿ ಎಷ್ಟಿವೆ? ಕನ್ನಡ ಶಾಲೆಗೆ ಮಗುವನ್ನು ಕಳಿಸುವಾಗ ತಂದೆ ತಾಯಿಗಳು ಮುಂದೆ ನೌಕರಿ ಹೇಗೆ ಎಂದು ಹಿಂಜರಿಯುತ್ತಾರೆ. ಅವರ ಚಿಂತೆ ಸುಳ್ಳಲ್ಲ. ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಮರಾಠಿಯನ್ನೂ ಇಂಗ್ಲಿಷನ್ನೂ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆದರೆ ಮನೆಯಲ್ಲಿ ಕನ್ನಡವು ನಿಂತ ದಿನ, ಯಾವ ವಿಜ್ಞಾನಿಯೂ ಯಾವ ಯಂತ್ರವೂ ಅದನ್ನು ತಂದುಕೊಡಲಾರವು. ಇಲ್ಲದ ಧ್ವನಿಯನ್ನು ಯಾರು ಮುದ್ರಿಸಿಯಾರು?

ಆದುದರಿಂದ ಸಂಘದ ಮುಂದೆ ನನ್ನದೊಂದು ಚಿಕ್ಕ ಬಿನ್ನಹವಿದೆ. ಮುಂದಿನ ವಾರ್ಷಿಕೋತ್ಸವದೊಳಗಾಗಿ ನಮ್ಮ ಕನ್ನಡ ಶಾಲೆಗಳ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರೊಬ್ಬರ ಬಳಿ ಕುಳಿತು, ಪುಸ್ತಕದಲ್ಲಿಲ್ಲದ ಹತ್ತು ಶಬ್ದಗಳನ್ನೂ ಅವುಗಳ ಅರ್ಥವನ್ನೂ ಬರೆದು ತರಲಿ. ಅವರು ಒಪ್ಪಿದರೆ ಒಂದು ಹಾಡನ್ನೋ ಕಥೆಯನ್ನೋ ಅವರ ಧ್ವನಿಯಲ್ಲಿಯೇ ಮುದ್ರಿಸಿಕೊಳ್ಳಲಿ. ನೂರು ಮಕ್ಕಳು ತಂದರೆ ಸಾವಿರ ಶಬ್ದಗಳಾದುವು. ಅದನ್ನು ಸಂಘವು ಕಾಯ್ದಿಡಲಿ, ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಲಿ, ತೆರೆದ ಭಾಂಡಾರಗಳಿಗೆ ಕಳಿಸಲಿ. ಇದಕ್ಕೆ ಅನುದಾನದ ದಾರಿ ಕಾಯಬೇಕಾಗಿಲ್ಲ, ಯಾವ ಆಯೋಗದ ವರದಿಯೂ ಬೇಕಾಗಿಲ್ಲ. ಒಂದು ವಹಿ, ಒಂದು ಲೇಖನಿ, ಹಿರಿಯರ ಬಳಿ ಕುಳ್ಳಿರುವಷ್ಟು ಬಿಡುವು, ಇಷ್ಟಿದ್ದರೆ ಸಾಕು.

ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರವು ಈಗ ನನಗೆ ದೊರೆತಿದೆ. ಅವಳು ಈ ಸಭೆಯಲ್ಲಿಯೇ ಇದ್ದಾಳೆ, ಕೇಳಿಸಿಕೊಳ್ಳಲಿ. ಮಗಳೇ, ಆ ಕಥೆಯ ಮಿಷನ್ನಿಗೆ ನಮ್ಮ ಕನ್ನಡ ತಿಳಿದಿರಲಿಲ್ಲ. ಅದಕ್ಕೆ ಕಲಿಸಿದವರ ಮನೆಯ ಹಾಡು ಬೇರೆಯದಾಗಿತ್ತು. ಮುಂದೆ ಬರುವ ಯಂತ್ರಗಳಿಗೆ ನಮ್ಮ ಕನ್ನಡ ತಿಳಿಯುವುದೋ ಇಲ್ಲವೋ ಎಂಬುದು ಯಂತ್ರವನ್ನು ಕೇಳುವ ಪ್ರಶ್ನೆಯಲ್ಲ. ನೀನು ನಿನ್ನ ಆಯಿಯಿಂದ ಯಾವ ಪದವನ್ನು ಕಲಿತೆ? ಮೊದಲು ಅದನ್ನು ಹೇಳು. ಯಂತ್ರದ ಪಾಠ ಆಮೇಲೆ.



ಸಿರಿಗನ್ನಡಂ ಗೆಲ್ಗೆ.